ಮೋಟು ಬಾಲದ ಉರಿ

ಚಿಮ್ಮಡದ ಸುತ್ತ ಮುಧೋಳ ನಾಯಿ ಸಾಕಿದವರಿಗೆ ಅದರ ಬಾಲದ ಕಥೆ ಗೊತ್ತು. ಉದ್ದ, ಸಪೂರ; ಖುಷಿಗೆ ಗೋಡೆಗೆ ಬಡಿದರೂ ಸಾಕು, ತುದಿ ಒಡೆದು ರಕ್ತ. ಗಾಯ ಮಾಯದೆ ಕೊಳೆತರೆ ವೈದ್ಯರು ಕತ್ತರಿಸಲೇಬೇಕು. ನಮ್ಮ ಕರಿಯನಿಗೂ ಹಾಗೇ ಆಯಿತು. ಗಾಯ ಮಾಯಿತು, ಕೂದಲೂ ಬಂತು. ಆಮೇಲೆ ಮೋಟು ಬಾಲವನ್ನು ತಾನೇ ಕಚ್ಚಿಕೊಳ್ಳಲು ಶುರು. ಹುಳ ಎಂದರು ಕೆಲವರು. ದೃಷ್ಟಿ ಅಂದಳು ನಮ್ಮವ್ವ.

ಅದು ನ್ಯೂರೋಮಾ. ಕತ್ತರಿಸಿದ ನರ ಸುಮ್ಮನಿರದು. ಮುಂದಿನ ತುಂಡು ಹುಡುಕುತ್ತ ಹೊಸ ಎಳೆ ಚಾಚುತ್ತದೆ. ದಾರಿ ಸಿಗದಿದ್ದರೆ ಆ ಎಳೆಗಳು ಗಾಯದ ಕಲೆಯೊಳಗೆ ಬನಹಟ್ಟಿ ಮಗ್ಗದ ಸಿಕ್ಕುನೂಲಿನಂತೆ ಗಂಟಾಗುತ್ತವೆ. ಕ್ಯಾನ್ಸರ್ ಅಲ್ಲ, ಹರಡುವುದಿಲ್ಲ. ಆದರೆ ತಾಕಿದರೆ ಉರಿ. ಗೊರಸಿನ ನೋವಿಗೆಂದು ಕುದುರೆಯ ನರ ಕತ್ತರಿಸಿದಾಗಲೂ ಇದೇ ಕಾಟ.

ತಡೆಯಬೇಕಾದದ್ದು ಶಸ್ತ್ರಚಿಕಿತ್ಸೆಯ ದಿನವೇ. ನರವನ್ನು ಜಜ್ಜಬಾರದು. ಮೆಲ್ಲಗೆ ಎಳೆದು ಹರಿತ ಬ್ಲೇಡಿನಿಂದ ಒಂದೇ ಏಟಿಗೆ ಕತ್ತರಿಸಿದರೆ ತುದಿ ಒಳಸರಿದು, ಕಲೆಯಿಂದ ದೂರ, ಮೆತ್ತನೆಯ ಜಾಗದಲ್ಲಿ ಕೂರುತ್ತದೆ. ದೊಡ್ಡ ನರದ ತುದಿಯನ್ನು ಸ್ನಾಯುವಿನೊಳಗೆ ಹೂಳುವುದುಂಟು, ನರದ ಹೊರಪೊರೆಯನ್ನೇ ಎಳೆದು ಮುಚ್ಚುವುದೂ ಉಂಟು. ಮನುಷ್ಯರಲ್ಲಿ ಆ ತುದಿಯನ್ನು ಪಕ್ಕದ ಸ್ನಾಯುವಿನ ಸಣ್ಣ ನರಕ್ಕೆ ಜೋಡಿಸಿ ಕೆಲಸ ಕೊಡುತ್ತಾರೆ. ನನಗಂತೂ ಇದೇ ಜಾಣತನ ಅನಿಸುತ್ತದೆ. ಯಾವುದಕ್ಕೂ ಪೂರ್ಣ ಗ್ಯಾರಂಟಿ ಇಲ್ಲ, ಅದು ಬೇರೆ ಮಾತು.

ಕರಿಯನಿಗೆ ಇನ್ನಷ್ಟು ಮೇಲಕ್ಕೆ ಕತ್ತರಿಸಿ ಗಂಟು ತೆಗೆದರು. ಈಗ ಕಚ್ಚುವುದಿಲ್ಲ.

2005ರಲ್ಲಿ ಅಂಚೆಚೀಟಿ ಏರಿದ ಮುಧೋಳ ತಳಿಗೆ ಇದ್ದ ರೂಪವೇ ಚೆಂದ. ಅಂದಕ್ಕೆಂದು ಮರಿಗಳ ಬಾಲ, ಕಿವಿ ಕತ್ತರಿಸಬೇಡಿ. ಮಾಯ್ದ ಗಾಯವನ್ನು ನಾಯಿ ಮತ್ತೆ ಕಚ್ಚತೊಡಗಿದರೆ ಮುಲಾಮು ಹಚ್ಚಿ ಕಾಯದೆ ಪಶುವೈದ್ಯರಿಗೆ ತೋರಿಸಿ.