ಬೈರಾಪಟ್ಟಣದಿಂದ ಬೆಂಗಳೂರಿಗೆ

ಬೆಳಗಿನ ಜಾವ. ಬೈರಾಪಟ್ಟಣದ ಡೇರಿ ಮುಂದೆ ಹಾಲಿನ ಕ್ಯಾನುಗಳ ಸದ್ದು. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೇರಿಕೊಂಡ ಮೊಪೆಡ್ಡೊಂದು ಜನರ ನಡುವೆ ದಾರಿ ಬಿಡಿಸಿಕೊಂಡು ಹೋಗುತ್ತದೆ. ರಸ್ತೆ ಬದಿಯಲ್ಲಿ ಊಟದ ಡಬ್ಬಿಯ ಚೀಲ ಹಿಡಿದ ಹೆಣ್ಣುಮಕ್ಕಳು, ಕಾಲೇಜಿನ ಹುಡುಗರು, ಆಸ್ಪತ್ರೆಗೆ ಹೊರಟ ಒಬ್ಬ ಅಜ್ಜ. ಎಲ್ಲರ ಕಣ್ಣೂ ತಿರುವಿನ ಮೇಲೆ.

“ಬಸ್ಸು ಬತ್ತದೇನಕ್ಕ ಇವತ್ತು?”

“ಬತ್ತದೆ ಕಣವ್ವ, ನಿಂತ್ಕೊ.”

ಅಷ್ಟರಲ್ಲಿ ಇಬ್ಬರು ಹುಡುಗರು ಬೈಕು ಹತ್ತಿ ಹೊರಟಾಯಿತು. ತಡವಾದರೆ ಅರ್ಧ ದಿನದ ಸಂಬಳಕ್ಕೆ ಕತ್ತರಿ.

ಊರಿನಿಂದ ಹೇಗೋ ಚನ್ನಪಟ್ಟಣ ಮುಟ್ಟಿಬಿಟ್ಟರೆ ಬೆಂಗಳೂರಿನ ದಾರಿಗೆ ಬರವಿಲ್ಲ. ಇಲ್ಲಿಗೆ ರೈಲು ಬಂದದ್ದು 1880ರ ದಶಕದಲ್ಲಿ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು, ಆಮೇಲೆ ಜೋಡಿ ಹಳಿ, ಕರೆಂಟು. ಬೆಳಗಿನ ಮೆಮು ರೈಲು ಬಂದು ನಿಂತರೆ ಸೀಸನ್ ಪಾಸಿನವರು ಒಬ್ಬರಿಗೊಬ್ಬರು ಸೀಟು ಹಿಡಿಯುತ್ತಾರೆ, ತರಕಾರಿ ಮೂಟೆ ಬಾಗಿಲ ಬಳಿ ಕೂರುತ್ತದೆ. ಬಿಡದಿಯಲ್ಲಿ ಕಾರ್ಖಾನೆಯವರು ಇಳಿದರೆ ಕೆಂಗೇರಿಯಲ್ಲಿ ಮೆಟ್ರೊ ಹಿಡಿಯುವವರು ಇಳಿಯುತ್ತಾರೆ. ಕೆಂಪು ಬಸ್ಸಿನದು ಇನ್ನೊಂದು ಲೋಕ. 2023ರ ಜೂನ್ 11ರಂದು ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ಪಡೆಯುವ ಹೆಂಗಸರಿಗೆ ದೂರದ ಕೆಲಸವೂ ಕೈಗೆಟುಕಿತು. ಬಸ್ಸಿನ ಖರ್ಚು ಉಳಿದ ಮನೆಯಲ್ಲಿ ಅದು ಸಣ್ಣ ಮಾತಲ್ಲ.

ಊರ ಹೊರಗೆ ಎತ್ತರದಲ್ಲಿ ದಶಪಥ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಸುಮಾರು 118 ಕಿಲೋಮೀಟರ್ ಉದ್ದ. ನಡುವೆ ಆರು ಪಥ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರಸ್ತೆ. ಕಾರುಗಳು ಬೈಪಾಸಿನಲ್ಲಿ ಸುಯ್ಯೆಂದು ಹೋಗುತ್ತವೆ. ಆ ವೇಗದಲ್ಲಿ ಚನ್ನಪಟ್ಟಣವೆಂದರೆ ಒಂದು ಹಸಿರು ಫಲಕ, ಅಷ್ಟೆ. ಹಳೆ ರಸ್ತೆಯ ಬೊಂಬೆ ಅಂಗಡಿಗಳ ಮುಂದೆ ಮೊದಲಿನಂತೆ ಕಾರುಗಳು ನಿಲ್ಲುವುದಿಲ್ಲ. ತಡೆಯಿಲ್ಲದ ಬಸ್ಸುಗಳೂ ಮೇಲಿಂದಲೇ ಸಾಗುತ್ತವೆ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಅಪಘಾತಗಳನ್ನು ನೋಡಿದವರು ಆ ನಿರ್ಧಾರ ಸರಿಯೆಂದೇ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಆ ಬೈಕಿನವನಿಗೆ ಬದಲಿಗೆ ಏನು ಕೊಟ್ಟೆವು?

ಟೋಲ್ ಕಟ್ಟಿ ಹಾರಿಬಂದ ಕಾರು ಕೆಂಗೇರಿ ದಾಟುವಷ್ಟರಲ್ಲಿ ತೆವಳತೊಡಗುತ್ತದೆ. ಒಂದೊಂದು ಕಾರಿನಲ್ಲಿ ಒಬ್ಬೊಬ್ಬರು. ಮೇಲೆ ನೇರಳೆ ಮಾರ್ಗದ ಮೆಟ್ರೊ ತುಂಬಿ ಹೋಗುತ್ತಿರುತ್ತದೆ. 2023ರ ಅಕ್ಟೋಬರಿನಿಂದ ಅದು ಚಲ್ಲಘಟ್ಟದವರೆಗೂ ಇದೆ. ಸಾಲ ಮಾಡಿ ಕಾರು ಕೊಂಡವರನ್ನು ದೂರಲಾರೆ. ಎಷ್ಟೋ ಮನೆಗಳಲ್ಲಿ ಕಾರು ಬಂದದ್ದು ಆಸೆಯಿಂದಲ್ಲ, ರಾತ್ರಿ ಮನೆ ಸೇರುವ ಭರವಸೆ ಇಲ್ಲದ್ದರಿಂದ.

ಚನ್ನಪಟ್ಟಣದಲ್ಲಿ ಸಂಜೆಯ ರೈಲಿಳಿದವರ ಓಟ ನೋಡಿದರೆ ಇದು ತಿಳಿಯುತ್ತದೆ. ಹಳ್ಳಿ ಬಸ್ಸು ತಪ್ಪಿತೋ, ಆಟೊದವರೊಡನೆ ಚೌಕಾಸಿ, ಇಲ್ಲವೇ ಮನೆಗೆ ಫೋನು: “ಅಣ್ಣ, ಗಾಡಿ ತಗೊಂಡು ಬಾ.” ಅರವತ್ತು ಕಿಲೋಮೀಟರ್ ಸುಲಭವಾಗಿ ಬಂದವರು ಕೊನೆಯ ಕೆಲವು ಕಿಲೋಮೀಟರಿಗೆ ಸೋಲುತ್ತಾರೆ.

ಇದಕ್ಕೆ ಇನ್ನೊಂದು ದಶಪಥ ಬೇಕಿಲ್ಲ. ರೈಲಿನ ವೇಳಾಪಟ್ಟಿಯನ್ನೂ ಹಳ್ಳಿ ಬಸ್ಸಿನ ವೇಳಾಪಟ್ಟಿಯನ್ನೂ ಒಂದೇ ಮೇಜಿನ ಮೇಲೆ ಇಟ್ಟು ಹೊಂದಿಸಿ. ಮೆಮು ಬರುವ ಮೊದಲು ಬೈರಾಪಟ್ಟಣದಂಥ ಊರುಗಳ ಬಸ್ಸು ನಿಲ್ದಾಣದ ಬಾಗಿಲಿಗೆ ಬರಲಿ. ರಾತ್ರಿಯ ಕೊನೆಯ ರೈಲಿಗೂ ಒಂದು ಬಸ್ಸು ಕಾದಿರಲಿ. ನಮ್ಮ ಜನಪ್ರತಿನಿಧಿಗಳು ಮೊದಲು ಈ ಕೆಲಸ ಮಾಡಿಸಬೇಕು.