ಶುಶ್ರೂಷಾಲಯಗಳಲ್ಲಿ ಸೋಂಕಿನ ತಡೆ

ನಮ್ಮ ಊರುಗಳಲ್ಲಿ ನರ್ಸಿಂಗ್ ಹೋಂ ಎಂದರೆ ಸಣ್ಣದೊಂದು ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಆ ಹೆಸರಿಗೆ ಬೇರೆ ಅರ್ಥವುಂಟು. ವೃದ್ಧರೂ ಅಶಕ್ತರೂ ತಿಂಗಳುಗಟ್ಟಲೆ, ಕೆಲವರು ಬಾಳಿನ ಕೊನೆಯವರೆಗೂ, ವಾಸಮಾಡತಕ್ಕ ಶುಶ್ರೂಷಾಲಯವದು. ಈ ಹೊತ್ತು ನಾನು ಹೇಳಹೊರಟಿರುವುದು ಅದನ್ನು ಕುರಿತು.

2020ನೆಯ ಇಸವಿ ಫೆಬ್ರವರಿಯ ಕೊನೆಯಲ್ಲಿ ವಾಷಿಂಗ್ಟನ್ ಸಂಸ್ಥಾನದ ಕಿರ್ಕ್‌ಲೆಂಡ್ ಪಟ್ಟಣದ ಇಂಥದೊಂದು ಶುಶ್ರೂಷಾಲಯದಲ್ಲಿ ಕೋವಿಡ್ ಕಾಣಿಸಿಕೊಂಡಿತು. ಮಾರ್ಚಿ 18ರ ವೇಳೆಗೆ ಅದರ ಸಂಬಂಧದಿಂದ 167 ಮಂದಿಗೆ ರೋಗ ತಗುಲಿದುದು ಖಚಿತವಾಯಿತು: ನಿವಾಸಿಗಳು 101, ಸಿಬ್ಬಂದಿಯವರು 50, ನೋಡಲು ಬಂದವರು 16. ರೋಗ ತಗುಲಿದ ನಿವಾಸಿಗಳಲ್ಲಿ ಮೂವರಲ್ಲೊಬ್ಬರಂತೆ ತೀರಿಕೊಂಡರು. ಆ ಪ್ರಾಂತದ ಶುಶ್ರೂಷಾಲಯಗಳನ್ನು ಪರೀಕ್ಷಿಸಿದ ಆರೋಗ್ಯಾಧಿಕಾರಿಗಳಿಗೆ ಕಂಡುಬಂದ ಕಾರಣಗಳು ಗಹನವಾದುವಲ್ಲ. ರೋಗಲಕ್ಷಣವಿದ್ದಾಗಲೂ ಸಿಬ್ಬಂದಿಯವರು ಕೆಲಸಕ್ಕೆ ಬಂದಿದ್ದರು. ಕೆಲವರು ಒಂದಕ್ಕಿಂತ ಹೆಚ್ಚು ಕಡೆ ದುಡಿಯುತ್ತಿದ್ದರು. ರಕ್ಷಣೆಯ ಉಡುಪನ್ನು ತೊಟ್ಟು ಕಳಚುವ ಕ್ರಮ ಹಲವರಿಗೆ ಸರಿಯಾಗಿ ತಿಳಿದಿರಲಿಲ್ಲ.

ಒಬ್ಬಳೇ ದಾದಿ ಬೆಳಗಿನ ಹೊತ್ತಿನಲ್ಲಿ ಒಬ್ಬರಿಗೆ ಸ್ನಾನ ಮಾಡಿಸಿ, ಇನ್ನೊಬ್ಬರಿಗೆ ಉಣಿಸಿ, ಮತ್ತೊಬ್ಬರ ಹಾಸಿಗೆ ಬದಲಿಸುತ್ತಾಳೆ. ಅವಳ ಕೈಯೇ ಸೋಂಕಿಗೂ ದಾರಿಯಾಗುತ್ತದೆ. ಕೈಗವಸು ತೊಟ್ಟ ಮೇಲೆ ಕೈ ತೊಳೆಯಬೇಕಾದುದಿಲ್ಲವೆಂಬುದು ತಪ್ಪು ತಿಳಿವಳಿಕೆ. ಗವಸಿನಲ್ಲಿ ಕಣ್ಣಿಗೆ ಕಾಣದ ರಂಧ್ರವಿರಬಹುದು. ಕಳಚುವಾಗ ಹೊರಗಣ ಕೊಳೆ ಬೆರಳಿಗೆ ಹತ್ತಬಹುದು. ಮದ್ಯಸಾರದ ದ್ರವ ಸಾಮಾನ್ಯವಾಗಿ ಸಾಕಾದರೂ, ವೃದ್ಧರಿಗೆ ಘೋರವಾದ ಭೇದಿಯನ್ನುಂಟುಮಾಡುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಅದಕ್ಕೆ ಬಗ್ಗುವುದಿಲ್ಲ. ಅಲ್ಲಿ ನಮ್ಮ ಹಳೆಯ ಸಾಬೂನು ನೀರೇ ಮೇಲು.

ಇವೆಲ್ಲ ಕಲಿಸಿದರೆ ಬರತಕ್ಕ ವಿದ್ಯೆಗಳು. ಆದರೆ ಜ್ವರ ಬಂದವಳು ಮನೆಯಲ್ಲಿಯೇ ಉಳಿಯತಕ್ಕದ್ದೆಂಬ ವಿಧಿ ಬೋಧನೆಯೊಂದರಿಂದಲೇ ನಡೆಯದು. ಆ ದಿನದ ಕೂಲಿ ತಪ್ಪಿದರೆ ಬಾಡಿಗೆಯನ್ನು ಯಾರು ಕೊಡಬೇಕು? ಒಂದೆಡೆಯ ಸಂಬಳ ಸಾಲದವರು ಎರಡೆಡೆ ದುಡಿಯುತ್ತಾರೆ; ಅವರೊಡನೆ ಸೋಂಕೂ ಎರಡೆಡೆ ಓಡಾಡುತ್ತದೆ. ಆದುದರಿಂದ ಸಂಬಳಸಹಿತವಾದ ರಜೆಯನ್ನು ನಾನು ಸಾಬೂನಿನ ಪಕ್ಕದಲ್ಲಿಯೇ ಎಣಿಸುತ್ತೇನೆ. ನಮ್ಮ ವೃದ್ಧಾಶ್ರಮಗಳಿಗೂ ಈ ಮಾತು ಸಲ್ಲುತ್ತದೆ. ಹೆತ್ತವರನ್ನು ಅಲ್ಲಿ ಬಿಡಲು ಹೋದವರು ಊಟ, ಕೊಠಡಿಗಳ ಜೊತೆಗೆ ಇದನ್ನೂ ವಿಚಾರಿಸಬಹುದು.

ಸುಲಭವಾಗಿ ಕಂಡ ಉಪಾಯವೆಂದರೆ ಬಾಗಿಲು ಮುಚ್ಚುವುದು. ಆ ಮಾರ್ಚಿಯಲ್ಲಿಯೇ ಅಮೆರಿಕದ ಶುಶ್ರೂಷಾಲಯಗಳು ಭೇಟಿಗೆ ಬರುವವರನ್ನು ತಡೆದುವು. ಮೊದಲ ವಾರಗಳಲ್ಲಿ ಅದು ಅನಿವಾರ್ಯವಾಗಿದ್ದಿರಬಹುದು. ಆದರೆ ದಾದಿಯರು ದಿನವೂ ಒಳಹೊರಗೆ ಓಡಾಡುತ್ತಿರುವಾಗ ಮುಖವಸ್ತ್ರ ಕಟ್ಟಿ ಕೈತೊಳೆದು ಬರಲು ಸಿದ್ಧಳಾದ ಮಗಳನ್ನು ತಿಂಗಳುಗಟ್ಟಲೆ ಹೊರಗೆ ನಿಲ್ಲಿಸಿದುದು ಅತಿಯಾಯಿತೆಂದೇ ನನ್ನ ಅಭಿಪ್ರಾಯ. ನಿರ್ಬಂಧ ಹಂತಹಂತವಾಗಿ ಸಡಿಲವಾಗಿ, ಎಲ್ಲ ನಿವಾಸಿಗಳಿಗೂ ಎಲ್ಲ ವೇಳೆಯಲ್ಲಿಯೂ ಭೇಟಿಗೆ ಅವಕಾಶವಿರಬೇಕೆಂಬ ಸರ್ಕಾರಿ ಸೂಚನೆ ಹೊರಟದ್ದು 2021ನೆಯ ನವೆಂಬರಿನಲ್ಲಿ. ಅಷ್ಟರೊಳಗೆ ಎಷ್ಟೋ ಮಂದಿ ತಮ್ಮವರ ಮುಖವನ್ನು ಕಿಟಕಿಯ ಗಾಜಿನಾಚೆಯಿಂದಲೇ ನೋಡಿ ತೀರಿಕೊಂಡಿದ್ದರು.