ಸಂವಿಧಾನ ಬರೆಯದ ಸಂವಿಧಾನ ಸಭೆ

ಗವಿಪುರಂನಿಂದ ಬುಲ್ ಟೆಂಪಲ್ ರಸ್ತೆಗೆ ಬಂದು ನರಸಿಂಹರಾಜ ಕಾಲೊನಿಯತ್ತ ನಡೆದರೆ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಸಿಗುತ್ತದೆ. ಡಿ.ವಿ. ಗುಂಡಪ್ಪನವರು ಅದನ್ನು ಕಟ್ಟಿದ್ದು 1945ರಲ್ಲಿ. ದೇಶೀಯ ಸಂಸ್ಥಾನಗಳ ಪ್ರಜೆಗಳಿಗೆ ಅಖಿಲ ಭಾರತದ ವ್ಯವಸ್ಥೆಯಲ್ಲಿ ಏನು ಸ್ಥಾನ ಎಂದು ಅವರು ದಶಕಗಳಿಂದ ಕೇಳುತ್ತಲೇ ಬಂದಿದ್ದರು. ಮೈಸೂರಿನ ಮಟ್ಟಿಗೆ ಉತ್ತರ ಸಿಕ್ಕಿದ್ದು 1949ರಲ್ಲಿ, ಅದೂ ಯಾರೂ ಎಣಿಸದ ರೀತಿಯಲ್ಲಿ. ಸಂವಿಧಾನ ಬರೆಯಲೆಂದೇ ಕೂಡಿದ್ದ ಇಲ್ಲಿನ ಸಭೆ ಆ ಕೆಲಸವನ್ನೇ ಕೈಬಿಟ್ಟಿತು.

ಆ ಸಭೆ ಹುಟ್ಟಿದ್ದು ಚಳವಳಿಯ ಬಿಸಿಯಲ್ಲಿ. 1947ರ ಆಗಸ್ಟ್‌ನಲ್ಲಿ ಮೈಸೂರು ಭಾರತವನ್ನು ಸೇರಿತ್ತಾದರೂ ಅಧಿಕಾರ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಕೈಯಲ್ಲೇ ಇತ್ತು. ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಶುರುವಾಯಿತು. ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು, ಜೈಲುಗಳು ತುಂಬಿದವು. ಅಕ್ಟೋಬರ್‌ನಲ್ಲಿ ಅರಮನೆ ಮಣಿಯಿತು. ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಮಹಾರಾಜರ ಆಶ್ರಯದಲ್ಲಿ ಜವಾಬ್ದಾರಿ ಸರ್ಕಾರಕ್ಕೆ ಸಂವಿಧಾನ ರಚಿಸುವ ಸಭೆಯೂ ಬಂತು.

ಅದೇ ಹೊತ್ತಿಗೆ ದೆಹಲಿಯಲ್ಲೂ ಸಂವಿಧಾನ ಸಿದ್ಧವಾಗುತ್ತಿತ್ತು. ಮೈಸೂರಿನಿಂದ ಅಲ್ಲಿಗೆ ಹೋದ ಏಳು ಮಂದಿಯಲ್ಲಿ ರೆಡ್ಡಿ, ಕೆಂಗಲ್ ಹನುಮಂತಯ್ಯ, ಟಿ. ಸಿದ್ದಲಿಂಗಯ್ಯ ಇದ್ದರು. ಸಂಸ್ಥಾನಗಳಿಗೊಂದು ಮಾದರಿ ಸಂವಿಧಾನ ಬರೆದುಕೊಡಲು 1948ರ ಕೊನೆಗೆ ನೇಮಕವಾದ ಸಮಿತಿಗೆ ಮಂಗಳೂರಿನ ಬೆನಗಲ್ ನರಸಿಂಗ ರಾಯರೇ ಅಧ್ಯಕ್ಷರು. ಭಾರತದ ಮೊದಲ ಕರಡಿನ ಜೊತೆಗೆ ಬರ್ಮಾದ ಸಂವಿಧಾನಕ್ಕೂ ಕೈಜೋಡಿಸಿದ್ದವರು ಅವರು. ಅವರ ಮಾದರಿ ಬಳಕೆಗೆ ಬರಲೇ ಇಲ್ಲ. ಸಂಸ್ಥಾನಗಳಿಗೆ ಬೇರೆ ಬೇರೆ ಸಂವಿಧಾನ ಬೇಡ, ಎಲ್ಲವೂ ಒಂದೇ ಗ್ರಂಥದೊಳಗಿರಲಿ ಎಂದು 1949ರ ಮೇ ತಿಂಗಳಲ್ಲಿ ತೀರ್ಮಾನವಾಯಿತು. ಅಕ್ಟೋಬರ್ 29ರಂದು ಮೈಸೂರಿನ ಸಭೆ ಭಾರತದ ಸಂವಿಧಾನವೇ ತನ್ನದೂ ಎಂದು ನಿರ್ಣಯಿಸಿತು. ನವೆಂಬರ್ 25ರಂದು ಜಯಚಾಮರಾಜ ಒಡೆಯರ್ ಅದನ್ನೇ ಘೋಷಿಸಿದರು. ಮರುದಿನ ದೆಹಲಿಯ ಸಭೆ ಸಂವಿಧಾನವನ್ನು ಅಂಗೀಕರಿಸಿತು. ಸಂಸ್ಥಾನಗಳ ಪೈಕಿ ತನ್ನದೇ ಸಂವಿಧಾನ ಉಳಿಸಿಕೊಂಡದ್ದು ಜಮ್ಮು-ಕಾಶ್ಮೀರ ಮಾತ್ರ.

ಆ ನಿರ್ಣಯ ಸರಿಯಾದದ್ದೇ. ಮನಸ್ಸಿಗೆ ಚುಚ್ಚುವುದು ಅದರ ಬೆನ್ನಿಗೇ ಆದ ಇನ್ನೊಂದು ಸಂಗತಿ. ಅದೇ ಡಿಸೆಂಬರ್ 16ರಂದು ಪ್ರಜಾಪ್ರತಿನಿಧಿ ಸಭೆ ರದ್ದಾಯಿತು. 1881ರಲ್ಲಿ ದಿವಾನ್ ರಂಗಾಚಾರ್ಲು ದಸರೆಯ ಸಮಯಕ್ಕೆ 144 ಜನರನ್ನು ಮೈಸೂರಿಗೆ ಕರೆಸಿ ಆರಂಭಿಸಿದ ಸಭೆ ಅದು. ತಾಲ್ಲೂಕುಗಳಿಂದ ಬಂದ ರೈತರು, ವರ್ತಕರು ಕೂತು ಕೇಳುತ್ತಿದ್ದರೆ ದಿವಾನರು ಸರ್ಕಾರದ ಆದಾಯ-ವೆಚ್ಚದ ವರದಿ ಒಪ್ಪಿಸಬೇಕಿತ್ತು. ಆಮೇಲೆ ಇವರ ಸರದಿ. ಕೆರೆ, ರಸ್ತೆ, ಕಂದಾಯ, ಏನೇ ಅಹವಾಲಿದ್ದರೂ ಅಲ್ಲಿ ಹೇಳಬಹುದಿತ್ತು. ಕಾನೂನು ಮಾಡುವ ಅಧಿಕಾರ ಅದಕ್ಕಿರಲಿಲ್ಲ, ನಿಜ. 1907ರಲ್ಲಿ ಬಂದ ಶಾಸನ ಪರಿಷತ್ತಿಗೆ ಆ ಕೆಲಸ ಹೋಯಿತು, ಡಿ.ವಿ.ಜಿ. ಹಲವು ವರ್ಷ ಸದಸ್ಯರಾಗಿದ್ದದ್ದು ಅದರಲ್ಲಿ. ಆದರೆ ಆಳುವವರು ಪ್ರಜೆಗಳೆದುರು ನಿಂತು ಲೆಕ್ಕ ಹೇಳುವ ರೂಢಿ ಈ ನಾಡಿನಲ್ಲಿ ಕಾಂಗ್ರೆಸ್ ಪಕ್ಷ ಹುಟ್ಟುವ ಮೊದಲೇ ಇತ್ತು. ಅಂಥ ಸಭೆಯನ್ನು ನಾವು ಇಷ್ಟು ಸಲೀಸಾಗಿ ಮರೆತದ್ದು ಅನ್ಯಾಯ.

ಪರಿಷತ್ತೂ ಅಂದೇ ಮುಗಿಯಿತು. ಸಂವಿಧಾನ ಸಭೆಯ ಸದಸ್ಯರೇ ತಾತ್ಕಾಲಿಕ ಶಾಸಕರಾಗಿ ಮುಂದುವರಿದರು. ಚುನಾವಣೆಯಲ್ಲಿ ಗೆದ್ದು ಬಂದ ಹೊಸ ವಿಧಾನಸಭೆ 1952ರ ಜೂನ್ 18ರಂದು ಅಠಾರಾ ಕಚೇರಿಯಲ್ಲಿ ಸೇರಿತು. ವಿಧಾನಸೌಧ ಆಗಿನ್ನೂ ಎದ್ದಿರಲಿಲ್ಲ.